ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು: ಬ್ಯಾಂಕಿನ ಮಾರಾಟದ ಕರೆ ನಡೆಯುವ ಬಗೆ

2010ರಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿಯವರಿಗೇ ಗೃಹಸಾಲ ಬೇಕಾ ಎಂದು ಕೇಳಿ ಫೋನ್ ಬಂದಿತ್ತು. ಬೆಲೆಯೇರಿಕೆಯ ಗಲಾಟೆಯಲ್ಲಿ ಸಂಸತ್ತು ನಡೆಯದೆ, ಅವರು ವಿರೋಧ ಪಕ್ಷದ ನಾಯಕರನ್ನು ಕೂರಿಸಿಕೊಂಡು ಮಾತಾಡುತ್ತಿದ್ದ ಹೊತ್ತು. ಯಾವುದೋ ತುರ್ತು ಕರೆ ಇರಬೇಕೆಂದು ಎತ್ತಿದರೆ ಆ ಕಡೆ ಸಾಲ ಮಾರುವವರು. ದೇಶದ ಖಜಾನೆಯ ಕೀಲಿ ಇಟ್ಟುಕೊಂಡವರಿಗೇ ಸಾಲ ಕೊಡಲು ಹೊರಟಿದ್ದರು. ಅದೇ ವರ್ಷದ ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಂಥ ಕರೆಗಳ ಮೇಲೆ ಹೊಸ ನಿಯಮಾವಳಿ ತಂದಿತು.

ಅದು ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ. 2007ರಲ್ಲೇ ‘ಕರೆ ಮಾಡಬೇಡಿ’ ನೋಂದಣಿ ಬಂದಿತ್ತು. 2018ರಲ್ಲಿ ಇಡೀ ನಿಯಮಾವಳಿಯನ್ನು ಹೊಸದಾಗಿ ಬರೆದರು. 2025ರ ಫೆಬ್ರವರಿಯಲ್ಲಿ ಅದನ್ನೂ ತಿದ್ದಿ, ಕರೆ ಬಂದ ಏಳು ದಿನದೊಳಗೆ ದೂರು ಕೊಡಬಹುದು ಎಂದರು. ಮುಂಚೆ ಇದ್ದದ್ದು ಮೂರು ದಿನ. ದೂರಿನ ಮೇಲೆ ಫೋನ್ ಕಂಪನಿ ಕ್ರಮ ಕೈಗೊಳ್ಳಬೇಕಾದ ಅವಧಿ ಮೂವತ್ತು ದಿನದಿಂದ ಐದು ದಿನಕ್ಕೆ ಇಳಿಯಿತು. ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು, ಖಾತೆಗೆ ಸಂಬಂಧಪಟ್ಟ ಸೇವೆಯ ಕರೆ 1600ರಿಂದ ಬರಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ತಾಕೀತು ಮಾಡಿತು. ವಾಣಿಜ್ಯ ಬ್ಯಾಂಕುಗಳು 1600ಕ್ಕೆ ಪೂರ್ತಿ ಬದಲಾಗಲು ಟ್ರಾಯ್ ಕೊಟ್ಟ ಗಡುವು 2026ರ ಜನವರಿ 1.

ಇಷ್ಟೆಲ್ಲ ಆದಮೇಲೂ ಮಧ್ಯಾಹ್ನ ಊಟಕ್ಕೆ ಕೂತಾಗ ಹತ್ತಂಕಿಯ ಯಾವುದೋ ಮೊಬೈಲ್ ನಂಬರಿನಿಂದ “ಪ್ರೀ-ಅಪ್ರೂವ್ಡ್ ಲೋನ್ ಇದೆ ಸರ್” ಎನ್ನುವ ದನಿ ನಿಂತಿಲ್ಲ. ಯಾಕೆ ನಿಂತಿಲ್ಲ ಎಂಬುದಕ್ಕೆ ಉತ್ತರ ಸುಲಭ: ಸಿಮ್ ಅಗ್ಗ, ಏಜೆನ್ಸಿಗಳು ನೂರಾರು, ಒಂದು ನಂಬರ್ ಬ್ಲಾಕ್ ಆದರೆ ಇನ್ನೊಂದು. ಆದರೆ ನನ್ನ ತಕರಾರು ಬೇರೆ ಕಡೆಗಿದೆ. ಇಪ್ಪತ್ತು ವರ್ಷಗಳ ಹತ್ತಿರ ಹತ್ತಿರ ಈ ನಿಯಮಗಳು ವಿಚಾರಿಸುತ್ತ ಬಂದಿರುವುದು ಕರೆ ಯಾವ ನಂಬರಿನಿಂದ ಬಂತು, ಎಷ್ಟು ಹೊತ್ತಿಗೆ ಬಂತು, ನೀವು ಬೇಡ ಎಂದಿದ್ದಿರೋ ಇಲ್ಲವೋ ಎಂಬುದನ್ನು. ಆ ಕರೆಯಲ್ಲಿ ಏನು ಹೇಳಿದರು ಎಂಬುದು ಹೆಚ್ಚುಕಮ್ಮಿ ಹೊರಗೇ ಉಳಿದಿದೆ. ಕಿರಿಕಿರಿಗೆ ಮದ್ದು ಹುಡುಕಿದ್ದೇವೆ, ಮೋಸಕ್ಕೆ ಹುಡುಕಿಲ್ಲ. ನಾಳೆ ಎಲ್ಲ ಬ್ಯಾಂಕೂ ಶಿಸ್ತಾಗಿ 140ರಿಂದಲೇ ಕರೆ ಮಾಡಲಿ, ಆ ಕಡೆಯವರು ಹೇಳುವ ಸುಳ್ಳು ಹಾಗೇ ಇರುತ್ತದೆ.

ಸುಳ್ಳು ಎಂದರೂ ಪೂರ್ತಿ ಸುಳ್ಳಲ್ಲ, ಅದೇ ಇದರ ಜಾಣತನ. ಮಾತು ಸಾಮಾನ್ಯವಾಗಿ ಈ ಥರ ಸಾಗುತ್ತದೆ:

“ನಮಸ್ಕಾರ ಸರ್, ಕಾರ್ಡ್ ಡಿವಿಜನ್ನಿಂದ ಮಾತಾಡ್ತಿದೀನಿ. ನೀವು ನಮ್ಮ ಹಳೇ ಕಸ್ಟಮರ್ ಅಲ್ವಾ, ನಿಮ್ಮ ಕಾರ್ಡ್ ಅಪ್‌ಗ್ರೇಡ್ ಆಗಿದೆ ಸರ್.”

“ನಾನು ಕೇಳೇ ಇಲ್ವಲ್ಲಮ್ಮ.”

“ಕೇಳೋದೇನೂ ಬೇಡ ಸರ್, ಸಿಸ್ಟಮ್ಮೇ ಮಾಡಿರುತ್ತೆ. ಲೈಫ್‌ಟೈಮ್ ಫ್ರೀ. ಅಡ್ರೆಸ್ ಕನ್ಫರ್ಮ್ ಮಾಡ್ಕೊಳ್ಳೋಕೆ ಅಷ್ಟೇ ಫೋನ್ ಮಾಡಿದ್ದು.”

“ನನಗೆ ಬೇಡ ಅಂದ್ರೆ?”

“ಬೇಡ ಅಂದ್ರೆ ಮನೆಗೆ ಬಂದಾಗ ಕಟ್ ಮಾಡಿ ಬಿಸಾಕಿ ಸರ್. ಈಗ ಒಂದು ಓಟಿಪಿ ಬರುತ್ತೆ, ಅದೊಂದು ಹೇಳಿಬಿಡಿ.”

ಇದರಲ್ಲಿ ಒಂದೊಂದೂ ಎಲ್ಲಿ ನಿಲ್ಲುತ್ತದೆ ನೋಡಿ. ‘ಕಾರ್ಡ್ ಡಿವಿಜನ್’ ಎಂದರೆ ಬಹುಪಾಲು ಬ್ಯಾಂಕ್ ಅಲ್ಲ. ಡಿಎಸ್‌ಎ ಎಂದು ಕರೆಯುವ ಮಾರಾಟ ಏಜೆನ್ಸಿಯ ಒಂದು ಮಹಡಿ. ಕಾರ್ಡೊಂದಕ್ಕೆ ಇಷ್ಟು ಎಂದು ಬ್ಯಾಂಕಿನಿಂದ ದುಡ್ಡು ಪಡೆಯುವವರು. ‘ಅಪ್‌ಗ್ರೇಡ್ ಆಗಿದೆ’ ಎಂದರೆ ಏನೂ ಆಗಿಲ್ಲ, ಇನ್ನು ಅರ್ಜಿ ಹೋಗಬೇಕಷ್ಟೆ. ಆ ಓಟಿಪಿಯೇ ನಿಮ್ಮ ಅರ್ಜಿ, ಅದೇ ನಿಮ್ಮ ಸಹಿ. ‘ಲೈಫ್‌ಟೈಮ್ ಫ್ರೀ’ ಎಂಬುದು ಸೇರುವ ಶುಲ್ಕಕ್ಕೂ ವಾರ್ಷಿಕ ಶುಲ್ಕಕ್ಕೂ ಮಾತ್ರ ಅನ್ವಯ. ತಡವಾದರೆ ದಂಡ, ಎಟಿಎಮ್ಮಲ್ಲಿ ನಗದು ತೆಗೆದರೆ ಶುಲ್ಕ ಮತ್ತು ಆ ದಿನದಿಂದಲೇ ಬಡ್ಡಿ, ಕಾರ್ಡಿನ ಜೊತೆ ಗೊತ್ತಿಲ್ಲದೆ ಅಂಟಿಕೊಂಡು ಬರುವ ‘ಪ್ರೊಟೆಕ್ಷನ್ ಪ್ಲಾನ್’, ಇವು ಯಾವುವೂ ಫ್ರೀ ಅಲ್ಲ. ಕಾರ್ಡು ಕತ್ತರಿಸಿ ಬಿಸಾಡಿದ ಮಾತ್ರಕ್ಕೆ ಅದರ ಖಾತೆ ಮುಚ್ಚುವುದೂ ಇಲ್ಲ.

ಓಟಿಪಿಯ ವಿಚಾರಕ್ಕೆ ಇನ್ನೊಂದು ಮಾತು ಸೇರಿಸಬೇಕು. ಅಮಿತಾಭ್ ಬಚ್ಚನ್ ಅವರನ್ನು ಕೂರಿಸಿ ರಿಸರ್ವ್ ಬ್ಯಾಂಕ್ ವರ್ಷಗಟ್ಟಲೆ ಜಾಹೀರಾತು ಕೊಟ್ಟಿದೆ: ಓಟಿಪಿ ಯಾರಿಗೂ ಹೇಳಬೇಡಿ. ಬ್ಯಾಂಕುಗಳು ಪ್ರತಿ ಎಸ್ಸೆಮ್ಮೆಸ್ಸಿನ ಕೆಳಗೂ ಅದನ್ನೇ ಬರೆಯುತ್ತವೆ. ಆಮೇಲೆ ಅದೇ ಬ್ಯಾಂಕಿನ ಕಾರ್ಡು ಮಾರುವವರು ಫೋನಿನಲ್ಲಿ ಓಟಿಪಿ ಓದಿ ಹೇಳಿ ಎನ್ನುತ್ತಾರೆ, ಹುಟ್ಟಿದ ತಾರೀಕು ಕೇಳುತ್ತಾರೆ, ಪ್ಯಾನ್ ನಂಬರ್ ಕೇಳುತ್ತಾರೆ, “ಇವತ್ತು ಸಂಜೆ ಆಫರ್ ಮುಗಿಯುತ್ತೆ” ಎಂದು ಆತುರಪಡಿಸುತ್ತಾರೆ. ಸೈಬರ್ ಕಳ್ಳರ ಕರೆಯೂ ಅಚ್ಚು ಹೀಗೇ ಇರುತ್ತದೆ. ಜನ ಮೋಸ ಹೋಗುತ್ತಾರೆ, ಅರಿವಿಲ್ಲ ಎಂದು ದೂರುವವರು ಈ ಕಡೆಗೂ ಸ್ವಲ್ಪ ನೋಡಲಿ. ಅಸಲಿ ಕರೆ ನಕಲಿಯ ಹಾಗೆ ನಡೆದುಕೊಳ್ಳುವವರೆಗೆ ನಕಲಿಗೆ ಕಷ್ಟಪಡುವ ಅಗತ್ಯವೇ ಇಲ್ಲ.

ವಿಮೆಯ ಕರೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕರೆಗಳು ಎರಡು. ಮೊದಲನೆಯದರಲ್ಲಿ ಎಲ್ಲ ಭರವಸೆ ಇರುತ್ತದೆ: ಎಫ್‌ಡಿ ಇದ್ದ ಹಾಗೇ ಮೇಡಂ, ಬೇಕಾದಾಗ ತೆಗೀಬಹುದು, ದುಡ್ಡು ಡಬಲ್ ಗ್ಯಾರಂಟಿ. ಇದು ಸಾಮಾನ್ಯವಾಗಿ ಮೊಬೈಲ್ ನಂಬರಿನಿಂದ, ಇಲ್ಲವೇ ಶಾಖೆಯ ‘ರಿಲೇಶನ್‌ಶಿಪ್ ಮ್ಯಾನೇಜರ್’ ಅವರ ಸ್ವಂತ ಫೋನಿನಿಂದ ಬರುತ್ತದೆ. ಎಲ್ಲೂ ದಾಖಲಾಗುವುದಿಲ್ಲ. ಅದರ ಕೊನೆಯಲ್ಲಿ ಒಂದು ಸಲಹೆ ಇರುತ್ತದೆ: “ಕಂಪನಿಯಿಂದ ವೆರಿಫಿಕೇಶನ್ ಕಾಲ್ ಬರುತ್ತೆ ಮೇಡಂ, ಅದು ಫಾರ್ಮಾಲಿಟಿ. ಅವರು ಏನು ಕೇಳಿದ್ರೂ ಯೆಸ್ ಅನ್ನಿ, ಇಲ್ಲಾಂದ್ರೆ ರಿಜೆಕ್ಟ್ ಆಗ್ಬಿಡುತ್ತೆ.” ಎರಡನೆಯ ಕರೆ ಅಧಿಕೃತ ನಂಬರಿನಿಂದ ಬರುತ್ತದೆ, ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಎಂದೇ ಶುರುವಾಗುತ್ತದೆ. ಇದು ಜೀವ ವಿಮಾ ಪಾಲಿಸಿ, ಪ್ರೀಮಿಯಂ ಇಷ್ಟು ವರ್ಷ ಕಟ್ಟಬೇಕು, ನಡುವೆ ನಿಲ್ಲಿಸಿದರೆ ನಷ್ಟವಾಗಬಹುದು, ಬೇರೆ ಯಾವ ಭರವಸೆಯನ್ನೂ ನಿಮಗೆ ಕೊಟ್ಟಿಲ್ಲ ಎಂದು ಖಚಿತಪಡಿಸುತ್ತೀರಾ? ಓದುವವರ ವೇಗಕ್ಕೆ ಅರ್ಧ ಕಿವಿಗೆ ಬೀಳುವುದಿಲ್ಲ. ಹೇಳಿಕೊಟ್ಟ ಹಾಗೆ ಯೆಸ್, ಯೆಸ್, ಯೆಸ್.

ಮೂರು ವರ್ಷದ ನಂತರ ಮಗಳ ಮದುವೆಗೆಂದು ದುಡ್ಡು ತೆಗೆಯಲು ಹೋದಾಗ ಸತ್ಯ ಗೊತ್ತಾಗುತ್ತದೆ. ದೂರು ಕೊಟ್ಟರೆ ಕಂಪನಿ ಎರಡನೆಯ ಕರೆಯ ಧ್ವನಿಮುದ್ರಣ ಹಾಕಿ ಕೇಳಿಸುತ್ತದೆ. ಮೊದಲನೆಯದು ಎಲ್ಲೂ ಇಲ್ಲ. ಅದರಲ್ಲಿ ಮಾತಾಡಿದ ಹುಡುಗ ಕೆಲಸ ಬಿಟ್ಟು ಬೇರೆ ಬ್ಯಾಂಕಿಗೆ ಹೋಗಿ ವರ್ಷವಾಗಿರುತ್ತದೆ. ಗ್ರಾಹಕರನ್ನು ಕಾಪಾಡಲೆಂದು ಮಾಡಿದ ವೆರಿಫಿಕೇಶನ್ ಕರೆ ಮಾರಿದವರನ್ನು ಕಾಪಾಡುವ ದಾಖಲೆಯಾಗಿ ಕೂತಿರುತ್ತದೆ. ಮಾರಾಟವಾಗುವುದು ಮಾತಿನ ಮೇಲೆ, ತೀರ್ಪಾಗುವುದು ಕಾಗದದ ಮೇಲೆ. ಈ ಎರಡರ ನಡುವಿನ ಸಂದಿನಲ್ಲಿಯೇ ಇಡೀ ವ್ಯವಹಾರ ನಡೆದುಹೋಗುತ್ತದೆ.

ಆ ‘ಡಬಲ್’ ಎಷ್ಟು ಬಾಳುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ವರ್ಷಕ್ಕೆ 1 ಲಕ್ಷದಂತೆ 10 ವರ್ಷ ಕಟ್ಟಿ, 20ನೇ ವರ್ಷದ ಕೊನೆಗೆ 20 ಲಕ್ಷ ತಗೊಳ್ಳಿ ಎಂಬುದು ತೀರ ಸಾಮಾನ್ಯವಾದ ಮಾದರಿ. ಹತ್ತು ಕಟ್ಟಿದರೆ ಇಪ್ಪತ್ತು, ಕೇಳಲು ಸೊಗಸಾಗಿದೆ. ಆದರೆ ಮೊದಲ ಕಂತು ಇಪ್ಪತ್ತು ವರ್ಷ, ಹತ್ತನೆಯ ಕಂತು ಹನ್ನೊಂದು ವರ್ಷ ಅಲ್ಲೇ ಕೂತಿರುತ್ತವೆ. ಅದೆಲ್ಲ ಸೇರಿಸಿ ನೋಡಿದರೆ ವರ್ಷಕ್ಕೆ ಸಿಗುವುದು ಸುಮಾರು 4.5 ಪರ್ಸೆಂಟ್. ‘ಡಬಲ್’ ಎಂದದ್ದು ನಿಜ. ಎಷ್ಟು ವರ್ಷಕ್ಕೆ ಎಂಬುದನ್ನು ಬೇಗ ಹೇಳಿ ಮುಗಿಸಿದ್ದು. ಇನ್ನು ‘ಬೇಕಾದಾಗ ತೆಗೀಬಹುದು’ ಎಂಬುದೂ ಅಷ್ಟೆ. ಒಂದು ವರ್ಷ ಪೂರ್ತಿ ಪ್ರೀಮಿಯಂ ಕಟ್ಟಿದವರಿಗೂ ಏನಾದರೂ ಮೊತ್ತ ವಾಪಸು ಕೊಡಬೇಕೆಂಬ ನಿಯಮ ಬಂದಿದ್ದೇ 2024ರ ಅಕ್ಟೋಬರಿನಲ್ಲಿ. ಈಗಲೂ ಬೇಗ ಬಿಟ್ಟವರಿಗೆ ಕೈಗೆ ಬರುವುದು ಕಟ್ಟಿದ್ದಕ್ಕಿಂತ ಕಮ್ಮಿಯೇ.

ಸಾಲದ ಕರೆಯ ಲೆಕ್ಕ ಇದಕ್ಕಿಂತ ಸೊಗಸು. “ತಿಂಗಳಿಗೆ ಒಂದೇ ಪರ್ಸೆಂಟ್ ಸರ್.” ನಮ್ಮ ಊರುಗಳಲ್ಲಿ ಕೈಸಾಲದ ಬಡ್ಡಿ ಹೇಳುವುದೇ ತಿಂಗಳ ಲೆಕ್ಕದಲ್ಲಿ: ನೂರಕ್ಕೆ ಎರಡು ರೂಪಾಯಿ, ನೂರಕ್ಕೆ ಮೂರು ರೂಪಾಯಿ. ಅದನ್ನು ಕೇಳಿ ಬೆಳೆದ ಕಿವಿಗೆ ‘ಒಂದು’ ಎಂದರೆ ಧರ್ಮಕ್ಕೆ ಕೊಟ್ಟ ಹಾಗೆ ಕೇಳಿಸುತ್ತದೆ. ಒಂದು ವ್ಯತ್ಯಾಸವಿದೆ. ಕೈಸಾಲದಲ್ಲಿ ತಿಂಗಳು ತಿಂಗಳು ಬಡ್ಡಿ ಮಾತ್ರ ಕೊಡುತ್ತೀರಿ, ಅಸಲು ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ. ಇಎಂಐನಲ್ಲಿ ಅಸಲನ್ನೂ ತಿಂಗಳು ತಿಂಗಳು ಹಿಂದಿರುಗಿಸುತ್ತಿದ್ದೀರಿ, ಆದರೆ ‘ಫ್ಲಾಟ್’ ದರದಲ್ಲಿ ಬಡ್ಡಿಯನ್ನು ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೆ ಕೊನೆಯವರೆಗೂ ಹಾಕುತ್ತಾರೆ. 1 ಲಕ್ಷಕ್ಕೆ ಎರಡು ವರ್ಷಕ್ಕೆ 24,000 ಬಡ್ಡಿ, ತಿಂಗಳಿಗೆ 5,167ರ ಕಂತು. ಉಳಿದಿರುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಸುಮಾರು 21.6 ಪರ್ಸೆಂಟಿನ ಸಾಲ. ಎರಡು ಪರ್ಸೆಂಟ್ ಪ್ರಾಸೆಸಿಂಗ್ ಶುಲ್ಕವನ್ನೂ ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯನ್ನೂ ಮೊದಲೇ ಮುರಿದುಕೊಂಡು 97,640 ಖಾತೆಗೆ ಹಾಕಿದರೆ ದರ 24 ಪರ್ಸೆಂಟ್ ದಾಟುತ್ತದೆ. ಅಂದರೆ ನೂರಕ್ಕೆ ಎರಡು ರೂಪಾಯಿ. ಊರಿನ ಬಡ್ಡಿಯೇ ಬ್ಯಾಂಕಿನ ಬಟ್ಟೆ ತೊಟ್ಟು ಬಂದಂತಾಯಿತು.

ಕಾರ್ಡಿನಲ್ಲಿ ‘ಮಿನಿಮಮ್ ಕಟ್ಟಿದ್ರೆ ಸಾಕು’ ಎಂಬ ಮಾತು ಇದೆಯಲ್ಲ, ಅದರದ್ದೂ ಇದೇ ಜಾತಿ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿಯ ಕಾರ್ಡಿನಲ್ಲಿ 50,000 ಬಾಕಿ ಇದೆ ಎನ್ನಿ. ತಿಂಗಳ ಬಡ್ಡಿ 1,750, ಅದರ ಮೇಲೆ ಜಿಎಸ್‌ಟಿ 315. ಮಿನಿಮಮ್ ಎಂದರೆ ಐದು ಪರ್ಸೆಂಟ್, 2,500. ಕಟ್ಟಿದ್ದರಲ್ಲಿ ಬಾಕಿಯಿಂದ ಇಳಿಯುವುದು 435 ರೂಪಾಯಿ. ಅಷ್ಟೇ ಅಲ್ಲ, ಹಳೆಯ ಬಾಕಿ ಉಳಿಸಿಕೊಂಡ ತಿಂಗಳಲ್ಲಿ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ವರ್ಷಕ್ಕೆ 30 ಪರ್ಸೆಂಟಿಗಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಬಡ್ಡಿಯ ವಿಚಾರ ರಿಸರ್ವ್ ಬ್ಯಾಂಕಿನ ಕ್ಷೇತ್ರ ಎಂಬುದು ಅಲ್ಲಿನ ನಿಲುವು. ‘ನೋ ಕಾಸ್ಟ್ ಇಎಂಐ’ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಎಲ್ಲೋ ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂದಿದೆ.

ಇದೆಲ್ಲ ಕೆಳಗಿನವರ ಕೆಲಸ, ಬ್ಯಾಂಕಿಗೆ ಗೊತ್ತಿಲ್ಲ ಎನ್ನುವುದನ್ನು ನಂಬುವುದು ಕಷ್ಟ. ಸಾಲದ ಬಡ್ಡಿಯಲ್ಲಿ ಪೈಪೋಟಿ ಹೆಚ್ಚಾದಂತೆ ಬ್ಯಾಂಕುಗಳಿಗೆ ಶುಲ್ಕ ಮತ್ತು ಕಮಿಷನ್ನಿನ ಆದಾಯ ಬೇಕಾಗಿದೆ. ಬೇರೆಯವರ ವಿಮೆ ಮಾರಿದರೆ ಬ್ಯಾಂಕಿಗೆ ತನ್ನ ಬಂಡವಾಳದ ಗೊಡವೆಯಿಲ್ಲ, ಅಪಾಯವೂ ಇಲ್ಲ, ಮೊದಲ ವರ್ಷದ ಕಮಿಷನ್ ಕೈಗೆ ಬರುತ್ತದೆ. ಹಾಗಾಗಿ ಗುರಿ ಮೇಲಿನಿಂದ ಇಳಿಯುತ್ತದೆ. ಶಾಖೆಯ ಮ್ಯಾನೇಜರಿಗೆ ತಿಂಗಳಿಗೆ ಇಷ್ಟು ಪಾಲಿಸಿ, ಅವರಿಂದ ಕ್ಯಾಶ್ ಕೌಂಟರಿನವರಿಗೂ ಒಂದಷ್ಟು. 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬ್ಯಾಂಕುಗಳು ತಪ್ಪು ಹೇಳಿ ವಿಮೆ ಮಾರುವುದರಿಂದ ಗ್ರಾಹಕರ ಸಾಲದ ಹೊರೆ ಹೆಚ್ಚುತ್ತದೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಹೇಗೆ ಹೆಚ್ಚುತ್ತದೆ? ಗೃಹಸಾಲದ ಜೊತೆ 1.2 ಲಕ್ಷದ ವಿಮಾ ಪ್ರೀಮಿಯಂ ಸೇರಿಸಿ ಅದನ್ನೂ ಸಾಲಕ್ಕೇ ಹಾಕಿದರೆ, 9 ಪರ್ಸೆಂಟಿನಲ್ಲಿ 20 ವರ್ಷಕ್ಕೆ ಆ ಪ್ರೀಮಿಯಂ ಒಂದಕ್ಕೇ 2.59 ಲಕ್ಷ ಕಟ್ಟಿರುತ್ತೀರಿ.

ದೊಡ್ಡ ಪ್ರಕರಣಗಳೂ ದಾಖಲೆಯಲ್ಲಿವೆ. ವಾಹನ ಸಾಲದ ಗ್ರಾಹಕರಿಗೆ ಹಣಕಾಸಿಗೆ ಸಂಬಂಧವೇ ಇಲ್ಲದ ಬೇರೆಯವರ ಸರಕು ಮಾರಿದ್ದಕ್ಕೆ ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿಗೆ 10 ಕೋಟಿ ದಂಡ ಹಾಕಿತು. ಅದೇ ವರ್ಷ ಷೇರುಪೇಟೆಯ ನಿಯಂತ್ರಕ ಸೆಬಿ, ಯೆಸ್ ಬ್ಯಾಂಕಿಗೆ 25 ಕೋಟಿ ದಂಡ ವಿಧಿಸಿತು. ಎಟಿ-1 ಎಂಬ, ಮುಳುಗಿದರೆ ಪೂರ್ತಿ ಮುಳುಗಬಲ್ಲ ಬಾಂಡುಗಳನ್ನು ಸಾಮಾನ್ಯ ಠೇವಣಿದಾರರಿಗೆ ‘ಸೂಪರ್ ಎಫ್‌ಡಿ’ ಎಂದು ಬಣ್ಣಿಸಿ ಮಾರಿದ್ದು ಕಾರಣ. 2020ರ ಮಾರ್ಚಿನಲ್ಲಿ ಆ ಬಾಂಡುಗಳ 8,415 ಕೋಟಿ ರೂಪಾಯಿಯನ್ನು ಒಂದೇ ಏಟಿಗೆ ಸೊನ್ನೆ ಎಂದು ಬರೆದರು. ಆಮೇಲೆ ದಂಡಕ್ಕೆ ತಡೆ ಬಂತು, ಸೊನ್ನೆ ಮಾಡಿದ್ದೂ ಹೈಕೋರ್ಟ್ ಮೆಟ್ಟಿಲು ಹತ್ತಿತು. ಆ ಜಗಳ ಹೇಗೇ ಮುಗಿಯಲಿ, ಹಿರಿಯ ನಾಗರಿಕರೊಬ್ಬರ ಎಫ್‌ಡಿ ಮುರಿಸಿ ಅದನ್ನು ಇಂಥ ಬಾಂಡಿಗೆ ಹಾಕಿಸಲು ಸಾಕಾದದ್ದು ಪರಿಚಿತ ದನಿಯ ಒಂದು ಫೋನ್ ಕರೆ.

ಆ ದನಿಯ ಹಿಂದಿನವರ ಬಗ್ಗೆ ನನಗೆ ಸಿಟ್ಟಿಲ್ಲ. ಬಿ.ಕಾಂ. ಮುಗಿಸಿ ಊರಿಂದ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರು. ಕಂಪ್ಯೂಟರೇ ಒಂದಾದ ಮೇಲೊಂದು ನಂಬರ್ ಹಾಕಿಕೊಡುತ್ತದೆ, ಉಸಿರಾಡಲು ಬಿಡುವಿಲ್ಲ, ಬೈಗುಳ ತಿನ್ನುವುದೇ ಜಾಸ್ತಿ. ಸಂಬಳ ಕಮ್ಮಿ, ಇನ್ಸೆಂಟಿವ್ ಮೇಲೆ ಬದುಕು. ‘ಬೇಡ ಅಂದ್ರೆ ಬಿಸಾಕಿ’ ಎಂಬುದು ಅವರ ಸ್ವಂತ ಕವಿತ್ವವೇನಲ್ಲ, ಮುಂದಿನ ಸೀಟಿನವರಿಂದ ಕಲಿತದ್ದು. ಅವರನ್ನು ಬೈದು ಫೋನ್ ಇಟ್ಟರೆ ಬ್ಯಾಂಕಿಗೆ ಏನೂ ತಟ್ಟುವುದಿಲ್ಲ.

ಮನೆ ಬಾಗಿಲಿಗೆ ಬಂದು ಬ್ಯಾಂಕಿನ ಯೋಜನೆ ಮಾರುವುದು ಕರಾವಳಿಯವರಿಗೆ ಹೊಸದಲ್ಲ. ಟಿ.ಎಂ.ಎ. ಪೈಗಳ ಕಾಲದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿ, ದಿನಕ್ಕೆ ಎರಡಾಣೆಯನ್ನೂ ಮನೆಗೇ ಬಂದು ಸಂಗ್ರಹಿಸುತ್ತಿತ್ತು. ಪಿಗ್ಮಿ ಏಜೆಂಟರೆಲ್ಲ ಹರಿಶ್ಚಂದ್ರರಾಗಿದ್ದರು ಎಂದು ನಾನೇನೂ ಹೇಳುವುದಿಲ್ಲ. ಆದರೆ ಇವತ್ತು ಸುಳ್ಳು ಹೇಳಿದವನು ನಾಳೆ ಮತ್ತೆ ಅದೇ ಜಗಲಿಗೆ ಬರಬೇಕಿತ್ತು, ದುಡ್ಡು ತಗೊಂಡ ಕೂಡಲೇ ಕಣ್ಣೆದುರಿಗೆ ಬರೆದುಕೊಡಬೇಕಿತ್ತು. ಇವತ್ತಿನ ಕರೆಯಲ್ಲಿ ಕಳಚಿಹೋಗಿರುವುದು ಈ ಎರಡು ಕೊಂಡಿಗಳು. ಮಾತಾಡಿದವರು ಮತ್ತೆ ಸಿಗುವುದಿಲ್ಲ; ವಾಪಸು ಫೋನ್ ಮಾಡಿದರೆ ಆ ನಂಬರ್ ಅಸ್ತಿತ್ವದಲ್ಲೇ ಇಲ್ಲ ಎಂಬ ಉತ್ತರ. ಕಾಗದ ಬರುವುದು ದುಡ್ಡು ಕಟ್ಟಾದ ಎಷ್ಟೋ ದಿನಕ್ಕೆ, ಇಂಗ್ಲಿಷಿನಲ್ಲಿ, ನಲವತ್ತು ಪುಟದ ಪಿಡಿಎಫ್ ಆಗಿ.

ಭಾಷೆ ಇಲ್ಲಿ ಸಣ್ಣ ವಿಷಯವಲ್ಲ. ಮಾರುವಾಗ ಕನ್ನಡ ಬರುತ್ತದೆ, ಇಲ್ಲವೇ ಹಿಂದಿಯಲ್ಲೇ ದಬಾಯಿಸುತ್ತಾರೆ. ಷರತ್ತು ಹೇಳುವಾಗ ಇಂಗ್ಲಿಷ್ ಮಾತ್ರ. ಕನ್ನಡದಲ್ಲಿ ಕೊಟ್ಟ ಭರವಸೆಯನ್ನು ಇಂಗ್ಲಿಷ್ ಷರತ್ತು ಸದ್ದಿಲ್ಲದೆ ವಾಪಸು ತೆಗೆದುಕೊಳ್ಳುತ್ತದೆ. ಇದನ್ನು ತಡೆಯಬಲ್ಲ ನಿಯಮ ಒಂದು ಇದೆ, ಬಳಸುವವರು ಕಮ್ಮಿ. ವೈಯಕ್ತಿಕ ಸಾಲವಿರಲಿ, ವಾಹನ ಸಾಲವಿರಲಿ, 2024ರ ಅಕ್ಟೋಬರ್ 1ರ ನಂತರದ ಹೊಸ ಅವಧಿ ಸಾಲಕ್ಕೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಚಿಕ್ಕ ಹಾಳೆಯನ್ನು ಸಾಲಕ್ಕೆ ಮುಂಚೆಯೇ ಕೊಡಬೇಕು. ಶುಲ್ಕಗಳನ್ನೆಲ್ಲ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು, ಅಲ್ಲಿಯವರೆಗೆ ಆ ದರ ಬದಲಾಗಬಾರದು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಹಾಗಿರುವಾಗ ‘ಇವತ್ತು ಸಂಜೆ ಆಫರ್ ಮುಗಿಯುತ್ತೆ’ ಎನ್ನುವವರಿಗೆ ಕೊಡಬಹುದಾದ ಉತ್ತರ ಸರಳ: ಕನ್ನಡದಲ್ಲಿ ಕೀ ಫ್ಯಾಕ್ಟ್ಸ್ ಕಳಿಸಿ, ಆಮೇಲೆ ಮಾತಾಡೋಣ. ಈ ಮಾತಿಗೆ ಬಹುಪಾಲು ಕರೆಗಳು ತಾವೇ ಕಡಿದುಹೋಗುತ್ತವೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಈ ಹಾಳೆ ಅನ್ವಯಿಸುವುದಿಲ್ಲ, ಅದೊಂದು ಕೊರತೆಯೇ.

ಕಾರ್ಡಿಗೆ ಬೇರೆ ಬೇಲಿಯಿದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮಗಳ ಪ್ರಕಾರ ಕೇಳದೆ ಕಾರ್ಡು ಕಳಿಸುವಂತಿಲ್ಲ, ಕೇಳದೆ ಅಪ್‌ಗ್ರೇಡ್ ಮಾಡುವಂತಿಲ್ಲ. ಕಳಿಸಿ ಬಿಲ್ಲು ಹಾಕಿದರೆ ಬಿಲ್ಲನ್ನು ರದ್ದು ಮಾಡಿ ಅದರ ಎರಡರಷ್ಟು ದಂಡವನ್ನು ಗ್ರಾಹಕರಿಗೇ ಕೊಡಬೇಕು. ಮೂವತ್ತು ದಿನ ಕಳೆದರೂ ಚಾಲೂ ಮಾಡದ ಕಾರ್ಡಿಗೆ ಓಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಒಪ್ಪದಿದ್ದರೆ ಏಳು ಕೆಲಸದ ದಿನದಲ್ಲಿ ಉಚಿತವಾಗಿ ಮುಚ್ಚಬೇಕು. ನೀವೇ ಮುಚ್ಚಿ ಎಂದ ಮೇಲೂ ಏಳು ಕೆಲಸದ ದಿನ ಮೀರಿದರೆ, ಬಾಕಿ ಇಲ್ಲದ ಪಕ್ಷದಲ್ಲಿ ದಿನಕ್ಕೆ 500 ರೂಪಾಯಿ ಬ್ಯಾಂಕೇ ಕೊಡಬೇಕು. ಕರೆ ಮಾಡಬಹುದಾದ ಹೊತ್ತು ಬೆಳಿಗ್ಗೆ 10ರಿಂದ ಸಂಜೆ 7. ಬೇಡದ ಕಾರ್ಡು ಬಂದರೆ ಕತ್ತರಿಸಿ ಸುಮ್ಮನಾಗದೆ, ಮುಚ್ಚಿ ಎಂದು ಇಮೇಲ್ ಹಾಕಿ ಆ ದಿನಾಂಕ ಇಟ್ಟುಕೊಳ್ಳುವುದು ಇದಕ್ಕೇ. ಏಜೆನ್ಸಿಯವರು ಮಾಡಿದ್ದು, ನಮಗೆ ಸಂಬಂಧವಿಲ್ಲ ಎಂದು ಬ್ಯಾಂಕ್ ಕೈ ತೊಳೆದುಕೊಳ್ಳುವಂತಿಲ್ಲ. ಏಜೆಂಟರ ನಡತೆಗೆ ಬ್ಯಾಂಕೇ ಹೊಣೆ ಎಂಬುದು ರಿಸರ್ವ್ ಬ್ಯಾಂಕಿನ ಬಹಳ ಹಳೆಯ ನಿಲುವು.

ವಿಮೆಯಲ್ಲಿ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡವೆಂದು ಹಿಂದಿರುಗಿಸಬಹುದು; ಅಲ್ಪಸ್ವಲ್ಪ ಖರ್ಚು ಮುರಿದುಕೊಂಡು ಉಳಿದದ್ದು ವಾಪಸು ಬರುತ್ತದೆ. ಮಾರಿದವರು ಈ ಮೂವತ್ತು ದಿನ ಅತ್ಯಂತ ಸ್ನೇಹದಿಂದ ಇರುತ್ತಾರೆ, ಪಾಲಿಸಿಯ ಕಾಗದ ಬರುವುದು ತಡವಾಗುತ್ತದೆ, ನಾನೇ ಬಂದು ವಿವರಿಸುತ್ತೇನೆ ಎನ್ನುತ್ತಾರೆ. ಅವರು ಬರುವವರೆಗೆ ಕಾಯದೆ ಮೊದಲ ವಾರದಲ್ಲೇ ಪಾಲಿಸಿಯ ಎರಡು ಸಾಲು ಹುಡುಕಿದರೆ ಸಾಕು: ಎಷ್ಟು ವರ್ಷ ಕಟ್ಟಬೇಕು, ಎಷ್ಟನೇ ವರ್ಷಕ್ಕೆ ಖಚಿತವಾಗಿ ಎಷ್ಟು ಬರುತ್ತದೆ.

ನಿಯಮ ಬರೆಯುವವರು ಇನ್ನೂ ಪೂರ್ತಿ ಮಾಡದೇ ಉಳಿಸಿರುವುದು ಮೊದಲ ಕರೆಯ ವಿಚಾರ. ಮಾರಾಟದ ಮಾತು ನಡೆದ ಕರೆಯ ದಾಖಲೆ ಬ್ಯಾಂಕಿನ ಬಳಿ ಇರಲೇಬೇಕು, ಗ್ರಾಹಕರು ಕೇಳಿದರೆ ಅದರ ಪ್ರತಿ ಕೊಡಲೇಬೇಕು, ಇಲ್ಲವೆಂದರೆ ಗ್ರಾಹಕರ ಮಾತನ್ನೇ ನಂಬಬೇಕು ಎಂದು ಒಂದು ಸಾಲು ಬಂದರೆ 140, 1600ರ ಸರ್ಕಸ್ಸಿನಲ್ಲಿ ಅರ್ಧ ಬೇಕಾಗುವುದಿಲ್ಲ. ದಾಖಲೆ ಇಡುವುದು ಇವತ್ತು ದುಬಾರಿಯಲ್ಲ. ಎರಡನೆಯ ಕರೆಯನ್ನು ವರ್ಷಗಟ್ಟಲೆ ಜೋಪಾನ ಮಾಡುವವರಿಗೆ ಮೊದಲನೆಯದು ಭಾರವಾಗುವುದು ಹೇಗೆ?

ಅಲ್ಲಿಯವರೆಗೆ ದೂರು ಬರೆಯುವಾಗಲೇ ಈ ಪ್ರಶ್ನೆಯನ್ನು ಮುಂದಿಡಬಹುದು. ಕರೆ ಬಂದ ದಿನ, ಹೊತ್ತು, ನಂಬರ್, ಹೇಳಿದ್ದೇನು ಎಂಬುದನ್ನು ಅಂದೇ ಬರೆದಿಟ್ಟು, ಫೋನ್ ಇಟ್ಟ ಮೇಲೆ ಆ ನಂಬರಿಗೇ ‘ನೀವು ಹೀಗೆ ಹೇಳಿದಿರಿ, ಸರಿಯೇ?’ ಎಂದು ಒಂದು ವಾಟ್ಸಾಪ್ ಹಾಕಿದರೆ ಮಾತು ಅಷ್ಟರಮಟ್ಟಿಗೆ ಕಾಗದವಾಗುತ್ತದೆ. ಬ್ಯಾಂಕಿಗೆ ಬರೆಯುವ ದೂರಿನಲ್ಲಿ ವೆರಿಫಿಕೇಶನ್ ಕರೆ ಮಾತ್ರವಲ್ಲದೆ ಮಾರಾಟದ ಕರೆಯ ಧ್ವನಿಮುದ್ರಣವನ್ನೂ ಹೆಸರು ಹೇಳಿ ಕೇಳಬೇಕು. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಗ್ರಾಹಕರ ದೂರು ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ಹೋಗಬಹುದು, ವಿವರಕ್ಕೆ 14448. ಪಾಲಿಸಿಯ ತಂಟೆಯಾದರೆ ವಿಮಾ ಪ್ರಾಧಿಕಾರದ ದೂರಿನ ಜಾಲತಾಣ ಬಿಮಾ ಭರೋಸಾ ಅಥವಾ 155255, ಅದರ ಮೇಲೆ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಮೊದಲ ಕರೆಯ ದಾಖಲೆ ನಮ್ಮಲ್ಲಿಲ್ಲ ಎಂದು ಬ್ಯಾಂಕ್ ಉತ್ತರ ಕೊಟ್ಟರೆ ಆ ಪತ್ರವನ್ನು ದೂರಿನ ಮೊದಲ ಲಗತ್ತಾಗಿ ಹಾಕಿ.